ಉಪಭೋಗದ ಮಿತಿ ಮತ್ತು ಹಳತಾಗದ ಟೀವಿ

ಶ್ರಾವಕನಿಗೆ ವಿಹಿತವಾದ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವು ದಿನನಿತ್ಯದ ಬದುಕಿಗೆ ಅತ್ಯಂತ ಸಮೀಪವಾದುದು. ಒಮ್ಮೆ ಅನುಭವಿಸಿ ಬಿಟ್ಟುಬಿಡುವಂಥದು ಭೋಗ, ಅನುಭವಿಸಿದ ಮೇಲೂ ಮತ್ತೆ ಮತ್ತೆ ಅನುಭವಿಸಲು ಉಳಿಯುವಂಥದು ಉಪಭೋಗ ಎಂದು ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಇವೆರಡನ್ನೂ ಬೇರ್ಪಡಿಸಿದ್ದಾರೆ. ಉಂಡ ಅನ್ನ ಮೊದಲನೆಯದಕ್ಕೆ, ಉಟ್ಟ ಬಟ್ಟೆ ಎರಡನೆಯದಕ್ಕೆ ನಿದರ್ಶನ. ಈ ವಿಂಗಡಣೆ ನಡೆದ ಕಾಲದಲ್ಲಿ ಉಪಭೋಗದ ವಸ್ತುವಿಗೆ ತನ್ನದೇ ಆದ ಆಯುಸ್ಸಿತ್ತು. ಹರಿಯುವವರೆಗೆ ಬಟ್ಟೆ, ತೂತು ಬೀಳುವವರೆಗೆ ಚೆಂಬು. ಹರಿಯದೆ, ಒಡೆಯದೆ, ಕೆಡದೆ ಇದ್ದಂತೆಯೇ ಹಳತಾಗಿಬಿಡುವ ವಸ್ತುವೊಂದು ಇರಬಹುದೆಂಬುದು ಅಂದಿನವರ ಎಣಿಕೆಗೆ ಬಂದಿರಲಾರದು. ಇಂದಿನ ಮನೆಗಳಲ್ಲಿ ಅಂಥ ವಸ್ತುಗಳೇ ತುಂಬಿವೆ. ಗೋಡೆಗೆ ಆತು ನಿಂತ ಚಪ್ಪಟೆ ಪರದೆಯ ಟೀವಿ ಅವುಗಳಲ್ಲಿ ಎದ್ದು ಕಾಣುವಂಥದು.

ಕಲಾಸಿಪಾಳ್ಯದ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಆ ಭಾಗದಲ್ಲಿ ಓಡಾಡಿದವರಿಗೆ ಇಂಥ ಮನೆ ಅಪರಿಚಿತವೆನಿಸದು. ಕೆಳಗೆ ಲಾರಿ ಬುಕಿಂಗ್ ಆಫೀಸು, ಮೇಲೆ ವಾಸ. ಹಗಲೆಲ್ಲ ಮೂಟೆ ಏರಿಸಿ ಇಳಿಸುವ ಸದ್ದು, ರಾತ್ರಿ ಊರೂರಿಗೆ ಹೊರಡುವ ಖಾಸಗಿ ಬಸ್ಸುಗಳ ಕೂಗು. ಮನೆಯ ಯಜಮಾನರು ಆಫೀಸಿನ ಲೆಕ್ಕ ಬರೆಯುವವರು. ಅವರ ತಾಯಿಗೆ ಎಂಬತ್ತು ದಾಟಿದೆ. ಮೊಣಕಾಲು ನೋವಿನಿಂದಾಗಿ ಮೆಟ್ಟಿಲಿಳಿದು ಚಿಕ್ಕಪೇಟೆಯ ಬಸದಿಗೆ ಹೋಗಿಬರುವುದು ನಿಂತುಹೋಗಿದೆ. 2018ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ವಿಂಧ್ಯಗಿರಿಯನ್ನು ಏರಲಾಗದ ಆಕೆ ಕುಳಿತಲ್ಲಿಂದಲೇ ಕೈಮುಗಿದದ್ದು ಮನೆಯ 21 ಇಂಚಿನ ಪಿಕ್ಚರ್ ಟ್ಯೂಬ್ ಟೀವಿಯ ಮುಂದೆ. ತೊಂಬತ್ತರ ದಶಕದಲ್ಲಿ ಕೊಂಡ ಆ ಸೆಟ್ಟಿನಲ್ಲಿ ಈಗ ಎಲ್ಲ ಮುಖಗಳೂ ಕೆಂಪಾಗಿ ಕಾಣುತ್ತವೆ. ರಿಪೇರಿಯವನು ಬಂದು ನೋಡಿ, ಟ್ಯೂಬೇ ಹೋಗಿದೆ, ಇದಕ್ಕೆ ಇನ್ನು ಟ್ಯೂಬು ಸಿಗುವುದಿಲ್ಲ ಎಂದು ಹೇಳಿಹೋಗಿದ್ದಾನೆ.

ಎಸ್.ಪಿ. ರಸ್ತೆ ಅಲ್ಲಿಂದ ನಡೆದುಹೋಗುವಷ್ಟು ದೂರ. ತಂದೆ ಮಗ ಇಬ್ಬರೂ ಹೋಗಿ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಕೈಗೆಟುಕುವ ಬೆಲೆಗೆ, ಬೇಗ ಹಳೇದಾಗದೇ ಇರೋ ಅಂಥ ಟೀವಿ ಯಾವುದಿದೆ?"

ಮೇಲುನೋಟಕ್ಕೆ ಇದು ಮಿತವ್ಯಯಿಯಾದ ಗೃಹಸ್ಥನ ಪ್ರಶ್ನೆ. ಪದೇ ಪದೇ ಕೊಳ್ಳುವುದು ಬೇಡ, ಒಂದೇ ಸಲ ಕೊಂಡು ದೀರ್ಘಕಾಲ ಇಟ್ಟುಕೊಳ್ಳೋಣ ಎಂಬುದು ವ್ರತಕ್ಕೆ ಅನುಗುಣವಾಗಿಯೇ ಕಾಣುತ್ತದೆ. ಆದರೆ ಅಂಗಡಿಯವನು ಇದೇ ಪ್ರಶ್ನೆಯನ್ನು ಹಿಡಿದು ಕೊಳ್ಳುವವನನ್ನು ಎಲ್ಲಿಗೆ ಕರೆದೊಯ್ಯುತ್ತಾನೆಂಬುದನ್ನು ಗಮನಿಸಬೇಕು. "ಬೇಗ ಹಳೇದಾಗಬಾರದು ಅಂದ್ರೆ 32 ಬೇಡ ಸಾರ್, 55 ತೊಗೊಳ್ಳಿ. ನಾಳೆ ಎಲ್ಲಾ ದೊಡ್ಡದೇ ಆಗುತ್ತೆ." ನಾಳೆಯ ಭಯವನ್ನು ತೋರಿಸಿ ಇಂದಿನ ಅಳತೆಯನ್ನು ಹಿಗ್ಗಿಸುವ ಮಾತು ಇದು. ಕೊಳ್ಳಬಂದವನಿಗೆ ತಾನು ದುರಾಸೆಪಡುತ್ತಿದ್ದೇನೆಂದು ತೋರುವುದೇ ಇಲ್ಲ. ತಾನು ದೂರದೃಷ್ಟಿಯುಳ್ಳವನೆಂದೇ ಅವನ ನಂಬಿಕೆ.

ಸಮಂತಭದ್ರರು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ. ವಿಷಯಗಳ ವಿಷದ ಬಗ್ಗೆ ಉಪೇಕ್ಷೆ ತಳೆಯದಿರುವುದು, ಹಿಂದೆ ಉಂಡ ಸುಖವನ್ನು ನೆನೆನೆನೆದು ಮರುಕಳಿಸಿಕೊಳ್ಳುವುದು, ಇರುವುದರಲ್ಲಿ ಅತಿಯಾದ ಲೋಲುಪತೆ, ಮುಂದೆ ಬರಲಿರುವ ಭೋಗದ ಬಗ್ಗೆ ಅತಿಯಾದ ತೃಷೆ, ಅತಿಯಾಗಿ ಅನುಭವಿಸುವುದು. ಇವುಗಳಲ್ಲಿ ನಾಲ್ಕನೆಯದಾದ ಅತಿತೃಷೆ ಇಲ್ಲಿ ವಿಶೇಷವಾಗಿ ವಿಚಾರಾರ್ಹ. ಇನ್ನೂ ಬಾರದ ಭೋಗಕ್ಕಾಗಿ ಹಂಬಲಿಸುವುದು ವ್ರತಕ್ಕೆ ಕಳಂಕವೆಂದ ಮೇಲೆ, ಇನ್ನೂ ಬಾರದ ಚಿತ್ರಕ್ಕಾಗಿ ಇಂದೇ ಪರದೆಯನ್ನು ಸಜ್ಜುಗೊಳಿಸಿಡುವುದು ಯಾವ ಪಂಗಡಕ್ಕೆ ಸೇರಬೇಕು? ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿಯೂ 'ವಿಸ್ಮಯ' ಎಂಬುದೊಂದಿದೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದು. ಅಂಗಡಿಯ ಗೋಡೆಯ ಮೇಲೆ ಸಾಲಾಗಿ ಹೊಳೆಯುವ ಪರದೆಗಳಿಗೆ ಈ ಪದ ಹೇಗೆ ಹೊಂದುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಇಡೀ ಪ್ರಶ್ನೆಯನ್ನು ತೃಷೆಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ವಸ್ತುಗಳು ನಿಜವಾಗಿಯೂ ಹಳತಾಗುತ್ತವೆ. ಕೆಲವನ್ನು ತಯಾರಕರೇ ಹಳತಾಗಿಸುತ್ತಾರೆ. ಅಮೆರಿಕದ ಲೇಖಕ ವ್ಯಾನ್ಸ್ ಪ್ಯಾಕರ್ಡ್ 1960ರಲ್ಲಿ ಪ್ರಕಟಿಸಿದ 'ದಿ ವೇಸ್ಟ್ ಮೇಕರ್ಸ್' ಎಂಬ ಗ್ರಂಥದಲ್ಲಿ ಇದನ್ನು ಮೂರಾಗಿ ವಿಭಜಿಸಿದರು. ಹೆಚ್ಚು ಚೆನ್ನಾಗಿ ಕೆಲಸ ಮಾಡುವ ಹೊಸ ವಸ್ತು ಬಂದುದರಿಂದ ಹಳೆಯದು ಹಿಂದಾಗುವುದು ಒಂದು. ವಸ್ತುವೇ ಬೇಗ ಸವೆಯುವಂತೆ ಅಥವಾ ಕೆಡುವಂತೆ ಮಾಡಿರುವುದು ಎರಡು. ವಸ್ತು ಚೆನ್ನಾಗಿಯೇ ಇದ್ದು, ಕೊಂಡವನ ಮನಸ್ಸಿನಲ್ಲಿ ಮಾತ್ರ ಅದು ಹಳೆಯದಾಗುವಂತೆ ಮಾಡುವುದು ಮೂರು. ಎರಡನೆಯದಕ್ಕೆ ಪ್ರಸಿದ್ಧ ನಿದರ್ಶನ ವಿದ್ಯುದ್ದೀಪದ್ದು. 1924ರಲ್ಲಿ ಜಿನೀವಾದಲ್ಲಿ ಒಕ್ಕೂಟ ಕಟ್ಟಿಕೊಂಡ ಬಲ್ಬು ತಯಾರಕರು ಬಲ್ಬಿನ ಆಯುಸ್ಸನ್ನು ಸಾವಿರ ಗಂಟೆಗೆ ಇಳಿಸಲು ತಮ್ಮೊಳಗೆ ಒಪ್ಪಿಕೊಂಡಿದ್ದರು. ಪ್ಯಾಕರ್ಡ್ ಜೈನ ಗ್ರಂಥಗಳನ್ನು ಓದಿದ್ದರೆಂದು ಊಹಿಸಲು ಕಾರಣವಿಲ್ಲ. ಆದರೂ ಮೂರನೆಯ ಬಗೆಯನ್ನು ಅವರು ಗುರುತಿಸಿದ ರೀತಿ, ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಚಿತ್ತದ ಮೂರ್ಛೆಯಲ್ಲಿ ಗುರುತಿಸಿದ ಆಚಾರ್ಯ ಉಮಾಸ್ವಾತಿಗಳ ದೃಷ್ಟಿಗೆ ಬಹಳ ದೂರವಾದುದಲ್ಲ.

ಹೀಗಿರುವಾಗ ಕೊಳ್ಳುವವನ ಮೊದಲ ಕರ್ತವ್ಯ ಈ ಮೂರನ್ನು ಬೇರ್ಪಡಿಸಿ ನೋಡುವುದು. ಮನಸ್ಸಿನಲ್ಲಿ ಹಳತಾಗುವುದಕ್ಕೆ ಔಷಧ ಅಂಗಡಿಯಲ್ಲಿಲ್ಲ. ಉಳಿದೆರಡಕ್ಕೆ ಸ್ವಲ್ಪ ಮಟ್ಟಿಗೆ ಇದೆ. ಅದನ್ನು ತಿಳಿಯಲು ಆ ಮನೆಯ ಹಳೆಯ ಸೆಟ್ಟಿನ ಚರಿತ್ರೆಯೇ ಸಾಕು.

ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಮರುವರ್ಷ, ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ, ದೇಶಕ್ಕೆ ಬಣ್ಣದ ಪ್ರಸಾರ ಬಂದಿತು. ಆಗಿನ ಸೆಟ್ಟುಗಳಿಗೆ ಮರದ ಕವಚ, ಎಳೆದು ಮುಚ್ಚುವ ಬಾಗಿಲು, ಕೆಲವಕ್ಕೆ ಬೀಗವೂ ಇತ್ತು. ಬಾಗಿಲು ಮುಚ್ಚಬಹುದಾಗಿದ್ದ ಟೀವಿ ಎಂಬುದು ಈಗಿನ ಮಕ್ಕಳಿಗೆ ವಿಚಿತ್ರವೆನಿಸೀತು. ಸಂಯಮದ ದೃಷ್ಟಿಯಿಂದ ಅದರಷ್ಟು ಉಪಯುಕ್ತವಾದ ಭಾಗ ಆಮೇಲೆ ಯಾವ ಟೀವಿಗೂ ಬಂದಿಲ್ಲ. ಕಲಾಸಿಪಾಳ್ಯದ ಮನೆಯ ಸೆಟ್ಟು ಅದಕ್ಕೂ ಈಚಿನದು. ಅದು ಮೊದಲು ಮಹಡಿಯ ಮೇಲಿನ ಆಂಟೆನಾದಿಂದ ಚಿತ್ರ ಪಡೆಯಿತು. ಬಳಿಕ ಕೇಬಲ್ ಬಂದಿತು. 2011ರ ತಿದ್ದುಪಡಿ ಕಾಯಿದೆಯ ಪ್ರಕಾರ ಕೇಬಲ್ ಪ್ರಸಾರವೆಲ್ಲ ಡಿಜಿಟಲ್ ಆಗಬೇಕಾಗಿ ಬಂದು, ಬೆಂಗಳೂರಿಗೆ 2013ರ ಮಾರ್ಚ್ 31ರ ಗಡುವು ವಿಧಿಸಲಾಯಿತು. ಅಂದು ಹಳೆಯ ಟೀವಿಗಳೆಲ್ಲ ಕಸವಾಗುತ್ತವೆಂದು ಹೆದರಿದವರು ಅನೇಕರು. ಹಾಗಾಗಲಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಸೆಟ್ ಟಾಪ್ ಬಾಕ್ಸ್ ಬಂದು ಕುಳಿತಿತು, ಹಳೆಯ ಟೀವಿ ಹೊಸ ಪ್ರಸಾರವನ್ನು ತೋರಿಸಿತು. ಮೂರು ಯುಗಗಳನ್ನು ಆ ಸೆಟ್ಟು ದಾಟಿದ್ದು ಅದಕ್ಕೆ ಸ್ವಂತ ಬುದ್ಧಿ ಇಲ್ಲದಿದ್ದುದರಿಂದ. ತೋರಿಸುವುದಷ್ಟೇ ಅದರ ಕೆಲಸ. ಏನನ್ನು ಹೇಗೆ ತರಿಸಬೇಕೆಂಬ ಚಿಂತೆ ಪಕ್ಕದ ಡಬ್ಬಿಯದು.

ಇಂದಿನ ಸ್ಮಾರ್ಟ್ ಟೀವಿಯಲ್ಲಿ ಈ ಎರಡನ್ನೂ ಒಂದೇ ಚೌಕಟ್ಟಿನೊಳಗೆ ಹೊಲಿದಿದ್ದಾರೆ. ಪರದೆ ಹತ್ತು ವರ್ಷ ಬಾಳಬಲ್ಲದು. ಒಳಗಿನ ಬುದ್ಧಿಗೆ ನಾಲ್ಕೈದು ವರ್ಷದಲ್ಲಿ ಮುಪ್ಪು ಬರಬಹುದು. ಕಡಿಮೆ ಬೆಲೆಯ ಸೆಟ್ಟುಗಳಲ್ಲಿ 1 ಜಿಬಿ ಮೆಮೊರಿ, 8 ಜಿಬಿ ಸಂಗ್ರಹವಿರುವುದು ಸಾಮಾನ್ಯ. ಆ್ಯಪ್‌ಗಳು ಹೊಸ ಆವೃತ್ತಿಗೆ ಏರಿದಂತೆ ಇವು ಏದುಸಿರು ಬಿಡತೊಡಗುತ್ತವೆ. ಕೆಲವೊಮ್ಮೆ ಬಾಗಿಲೇ ಮುಚ್ಚುತ್ತದೆ. 2015ರಲ್ಲಿ ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿದಾಗ 2012ಕ್ಕೆ ಮುಂಚಿನ ಅನೇಕ ಟೀವಿಗಳಲ್ಲಿ ಅದರ ಆ್ಯಪ್ ನಿಂತುಹೋಯಿತು. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಟೀವಿಗಳ ಬೆಂಬಲವನ್ನು ಕೈಬಿಟ್ಟಿತು. ಆ ಟೀವಿಗಳ ಪರದೆಗಳಿಗೆ ಏನೂ ಆಗಿರಲಿಲ್ಲ. ಇನ್ನು ಹೊಸತೆಂದು ಮೆರೆದು ತಾವೇ ಮರೆಯಾದ ಸಂಗತಿಗಳೂ ಇವೆ. 2010ರಲ್ಲಿ ಕನ್ನಡಕ ಹಾಕಿಕೊಂಡು ನೋಡುವ ತ್ರೀಡಿ ಟೀವಿಯೇ ಮುಂದಿನ ಕಾಲದ ಟೀವಿ ಎಂದು ಸಾರಲಾಯಿತು. 2017ರ ಹೊತ್ತಿಗೆ ಅದನ್ನು ತಯಾರಿಸುವವರೇ ಉಳಿಯಲಿಲ್ಲ. ಹಳತಾಗಬಾರದೆಂದು ಹೆಚ್ಚು ಹಣ ತೆತ್ತು ಅದನ್ನು ಕೊಂಡವರೇ ಎಲ್ಲರಿಗಿಂತ ಮೊದಲು ಹಳಬರಾದರು.

ಆದ್ದರಿಂದ ವಿವೇಕಿಯಾದವನು ಪರದೆಯನ್ನು ಪರದೆಯೆಂದೇ ಪರೀಕ್ಷಿಸಿ ಕೊಳ್ಳಬೇಕು. ಬುದ್ಧಿಯ ಭಾಗಕ್ಕೆ ಹೆಚ್ಚು ಬೆಲೆ ಕಟ್ಟಬಾರದು. ಎಚ್‌ಡಿಎಂಐ ಕಿಂಡಿಗಳು ಎರಡು ಮೂರಾದರೂ ಇದ್ದರೆ, ಮುಂದೆ ಒಳಗಿನ ಬುದ್ಧಿ ಮಂದವಾದಾಗ ಹೊರಗಿನಿಂದ ಒಂದು ಸಣ್ಣ ಕಡ್ಡಿಯನ್ನೋ ಡಬ್ಬಿಯನ್ನೋ ಜೋಡಿಸಬಹುದು. ಆಗ ಬಿಸಾಡಬೇಕಾದದ್ದು ಅಂಗೈಯಷ್ಟು, ಗೋಡೆಯಗಲವಲ್ಲ. ತಯಾರಕರ ಸರ್ವೀಸ್ ಸೆಂಟರ್ ಊರಿನಲ್ಲಿದೆಯೇ, ಪ್ಯಾನೆಲ್ಲಿಗೆ ವಾರಂಟಿ ಎಷ್ಟು ವರ್ಷ ಎಂಬುದು, ಪೆಟ್ಟಿಗೆಯ ಮೇಲೆ ಮುದ್ರಿಸಿದ ಹತ್ತು ಬಿರುದುಗಳಿಗಿಂತ ಮುಖ್ಯ. ಯೂರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಟೀವಿಗಳ ಮುಖ್ಯ ಬಿಡಿಭಾಗಗಳನ್ನು, ಆ ಮಾದರಿಯ ಕೊನೆಯ ಸೆಟ್ಟು ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 7 ವರ್ಷ ಒದಗಿಸಬೇಕೆಂಬ ಕಟ್ಟಳೆಯಿದೆ. ನಮ್ಮಲ್ಲಿ ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದು ಮಾಹಿತಿ ನೀಡತೊಡಗಿತು. ಕಾನೂನಿನ ಬಲ ಕಡಿಮೆಯಿರುವ ಕಡೆ ಎಸ್.ಪಿ. ರಸ್ತೆಯ ಕೈಚಳಕವೇ ಬಲ. ಚಪ್ಪಟೆ ಟೀವಿ ಕತ್ತಲಾಯಿತೆಂದರೆ ಅನೇಕ ವೇಳೆ ಹಾಳಾಗಿರುವುದು ಪರದೆಯ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳು ಮಾತ್ರ. ಆ ಪಟ್ಟಿಯನ್ನು ಬದಲಾಯಿಸಬಲ್ಲ ಕುಶಲಕರ್ಮಿಗಳು ಆ ಬೀದಿಯಲ್ಲಿ ಇನ್ನೂ ಇದ್ದಾರೆ. ಪ್ಯಾನೆಲ್ಲೇ ಒಡೆದರೆ ಮಾತ್ರ ದುರಸ್ತಿಯ ಖರ್ಚು ಹೊಸ ಟೀವಿಯ ಬೆಲೆಯನ್ನು ಮುಟ್ಟುತ್ತದೆ.

ಗಾತ್ರದ ವಿಷಯವನ್ನು ಕಣ್ಣಿನ ಶಕ್ತಿಯೇ ಇತ್ಯರ್ಥಪಡಿಸುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಸಾಲಿಗೆ 1920 ಚುಕ್ಕಿಗಳಿವೆ. 43 ಇಂಚಿನ ಅಂಥ ಪರದೆಯ ಚುಕ್ಕಿಗಳನ್ನು ನಿರ್ದೋಷವಾದ ಕಣ್ಣು ಕೂಡ ಸುಮಾರು ಆರಡಿಯಿಂದಾಚೆಗೆ ಬಿಡಿಬಿಡಿಯಾಗಿ ಕಾಣಲಾರದು. ಕಲಾಸಿಪಾಳ್ಯದ ಆ ನಡುಮನೆಯಲ್ಲಿ ಗೋಡೆಗೂ ಮಂಚಕ್ಕೂ ಎಂಟಡಿ ಅಂತರ. ಅಲ್ಲಿ 3840 ಚುಕ್ಕಿಗಳ ಪರದೆಯನ್ನು ತೂಗುಹಾಕಿದರೆ ಹೆಚ್ಚಿನ ಚುಕ್ಕಿಗಳು ಕಾಣುವುದು ಬಿಲ್ಲಿನಲ್ಲಿ ಮಾತ್ರ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದುದು ಕೊಳ್ಳುವವರಿಗೆ ಅನುಕೂಲವೇ ಸರಿ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ನಡುಮನೆ ಉದ್ದವಾಗುವುದಿಲ್ಲ.

ಇಲ್ಲಿ ಶ್ರಾವಕರಲ್ಲಿ ಸಾಮಾನ್ಯವಾಗಿರುವ ಒಂದು ಭ್ರಮೆಯನ್ನು ಹೇಳಬೇಕಾಗುತ್ತದೆ. ಅಗ್ಗವಾದುದನ್ನು ಕೊಳ್ಳುವುದೇ ಅಪರಿಗ್ರಹ ಎಂದು ಅನೇಕರು ಭಾವಿಸುತ್ತಾರೆ. ಜಿಪುಣತನಕ್ಕೂ ಮಿತಿಗೂ ನಡುವಿನ ಗೆರೆ ತೆಳುವಾದುದು. 12,000 ರೂಪಾಯಿಯ ಸೆಟ್ಟು ಮೂರು ವರ್ಷ ಬಾಳುತ್ತದೆ, 24,000ದ್ದು ಎಂಟು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ, ವರ್ಷಕ್ಕೆ ಬೀಳುವ ಖರ್ಚು ಮೊದಲನೆಯದಕ್ಕೆ 4,000, ಎರಡನೆಯದಕ್ಕೆ 3,000. ಹಣದ ಲೆಕ್ಕಕ್ಕಿಂತ ಹಿಂಸೆಯ ಲೆಕ್ಕ ಮುಖ್ಯ. ಎಂಟು ವರ್ಷದಲ್ಲಿ ಮೊದಲಿನವನು ಮೂರು ಸೆಟ್ಟುಗಳಿಗಾಗಿ ಭೂಮಿಯನ್ನು ಅಗೆಸುತ್ತಾನೆ. ತಾನು ಅಗೆಯಲಿಲ್ಲ ಎಂಬ ಸಮಾಧಾನ ಜೈನನಿಗೆ ಸಲ್ಲದು. ಕೃತ, ಕಾರಿತ, ಅನುಮೋದಿತ ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಮೇಲಾಗಿ ತೀರ ಅಗ್ಗದ ಬೆಲೆಯ ಒಂದು ಪಾಲನ್ನು ಜಾಹೀರಾತು ತುಂಬಿಕೊಡುತ್ತದೆ. ಟೀವಿ ಹಚ್ಚಿದೊಡನೆ ಕೊಳ್ಳು, ನೋಡು ಎಂದು ಕಣ್ಣಿಗೆ ಬೀಳುವ ಚಿತ್ರಗಳು ಯಾರದೋ ಖರ್ಚಿನಲ್ಲಿ ಬಂದವು. ಮನೆಯವರು ಏನು ನೋಡುತ್ತಾರೆಂಬ ವಿವರ ಆ ಖರ್ಚಿಗೆ ಪ್ರತಿಫಲ.

ಮಾರುವವರ ಧರ್ಮದ ಮಾತನ್ನೂ ಬಿಡುವಂತಿಲ್ಲ. ಚಿಕ್ಕಪೇಟೆ, ಮಾಮೂಲ್‌ಪೇಟೆ, ಎಸ್.ಪಿ. ರಸ್ತೆಗಳ ವರ್ತಕರಲ್ಲಿ ಸಮಾಜ ಬಾಂಧವರು ಬಹಳ ಮಂದಿ. ಪರದೆಯಲ್ಲಿರುವುದು 1366 ಚುಕ್ಕಿಗಳ ಸಾಲಾದರೂ '4ಕೆ ಸಪೋರ್ಟ್' ಎಂಬ ಚೀಟಿ ಅಂಟಿಸಿದ ಸೆಟ್ಟುಗಳು ಪೇಟೆಯಲ್ಲಿವೆ. 4ಕೆ ಚಿತ್ರವನ್ನು ಸ್ವೀಕರಿಸಿ ಕುಗ್ಗಿಸಿ ತೋರಿಸುತ್ತದೆಂಬ ಅರ್ಥದಲ್ಲಿ ಆ ಮಾತು ಸುಳ್ಳಲ್ಲ. ಆದರೆ ಕೇಳಿದವನು ಅದನ್ನು ಯಾವ ಅರ್ಥದಲ್ಲಿ ತೆಗೆದುಕೊಳ್ಳುತ್ತಾನೆಂಬುದು ಹೇಳಿದವನಿಗೆ ಗೊತ್ತಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದರಂತೆ ತೋರಿಸಿ ಇನ್ನೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರವನ್ನು ಎಣಿಸಿದ್ದಾರೆ. ತುಪ್ಪ, ಎಣ್ಣೆಗಳ ಕಾಲದಲ್ಲಿ ಹೇಳಿದ ಆ ಮಾತು ಚುಕ್ಕಿಗಳ ವ್ಯಾಪಾರಕ್ಕೂ ಅನ್ವಯಿಸುತ್ತದೆ. ಎಂಟಡಿ ಅಂತರದ ಮನೆಯವನಿಗೆ "ನಿಮಗೆ ಇಷ್ಟು ದೊಡ್ಡದು ಬೇಡ ಸ್ವಾಮಿ" ಎಂದು ಹೇಳಿ ಚಿಕ್ಕದನ್ನು ಕೊಟ್ಟು ಕಳಿಸುವ ವರ್ತಕನಿಗೆ ಆ ದಿನ ಲಾಭ ಕಡಿಮೆ.

ಮತ್ತೆ ವ್ರತದ ವಿಷಯಕ್ಕೆ ಬರಬೇಕು. ಮಿತಿಯನ್ನು ವಸ್ತುವಿನ ಕಡೆಯಿಂದ ಹಾಕಲು ಹೊರಟರೆ ಅದು ಎಂದೂ ನಿಲ್ಲದು. ವಸ್ತುವಿನಲ್ಲಿ ಉತ್ಪಾದ, ವ್ಯಯ, ಧ್ರೌವ್ಯಗಳು ಒಟ್ಟಿಗೇ ಇರುವುವೆಂದು ಒಪ್ಪಿದ ದರ್ಶನದವರು ಹಳತಾಗದ ಪರ್ಯಾಯವೊಂದನ್ನು ಅಂಗಡಿಯಲ್ಲಿ ಕೇಳುವುದು ಸ್ವಲ್ಪ ವಿನೋದವೇ ಸರಿ. ಪೂರ್ವಿಕರು ಮಿತಿಯನ್ನು ಹಾಕಿದ್ದು ತಮ್ಮ ಕಡೆಯಿಂದ. ಉಪಾಸಕದಶಾಂಗದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಶ್ರಾವಕನು ಮಹಾವೀರರ ಮುಂದೆ ವ್ರತ ಹಿಡಿದಾಗ ಅವನ ಬಳಿ ಕೋಟಿಗಟ್ಟಲೆ ಹೊನ್ನು, ಐನೂರು ನೇಗಿಲು, ಐನೂರರಂತೆ ಎರಡು ಪಂಗಡದ ಗಾಡಿಗಳು ಇದ್ದವು. ಕಲಾಸಿಪಾಳ್ಯದ ಯಾವ ಟ್ರಾನ್ಸ್‌ಪೋರ್ಟ್ ಮಾಲೀಕನೂ ಅವನ ಮುಂದೆ ಸಣ್ಣವನೇ. ಅವನು ಸಿರಿಯನ್ನು ಎಸೆದುಬಿಡಲಿಲ್ಲ, ಇಷ್ಟಕ್ಕೆ ನಿಂತಿತು ಎಂದು ಗೆರೆ ಎಳೆದ. ಬಳಿಕ ಮೈ ಒರೆಸುವ ವಸ್ತ್ರ, ಹಲ್ಲುಜ್ಜುವ ಕಡ್ಡಿಯವರೆಗೆ ಒಂದೊಂದಕ್ಕೂ ಮಿತಿ ಹೇಳಿದ. ಆ ಪಟ್ಟಿಯನ್ನು ಓದುವಾಗ ಮೊದಲು ಬೇಸರ ಬರುತ್ತದೆ. ಅರ್ಧ ದಾಟಿದ ಮೇಲೆ ಅದರ ಗಾಂಭೀರ್ಯ ತಿಳಿಯುತ್ತದೆ. ದೊಡ್ಡ ತ್ಯಾಗದ ಮಾತಾಡಿ ಟವೆಲಿನ ವಿಷಯದಲ್ಲಿ ಸೋಲುವ ಮನುಷ್ಯಸ್ವಭಾವವನ್ನು ಅವನು ಅರಿತಿದ್ದ.

ಸಮಂತಭದ್ರರು ಈ ಮಿತಿಯನ್ನು ಎರಡು ಬಗೆಯಾಗಿ ಹೇಳುತ್ತಾರೆ: ಬದುಕಿರುವವರೆಗೆ ಹಿಡಿದದ್ದು ಯಮ, ಕಾಲಕ್ಕೆ ಕಟ್ಟುಬಿದ್ದದ್ದು ನಿಯಮ. ನಿಯಮಕ್ಕೆ ಅವರು ಕೊಡುವ ಕಾಲ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ. ನಿಯಮಿಸಬೇಕಾದವುಗಳ ಪಟ್ಟಿಯಲ್ಲಿ ವಾಹನ, ಶಯನ, ಸ್ನಾನ, ತಾಂಬೂಲಗಳ ಜೊತೆಗೆ ಸಂಗೀತವೂ ಗೀತವೂ ಸೇರಿವೆ. ಟೀವಿ ಸೇರಬೇಕಾದ ಜಾಗ ಅಲ್ಲಿಯೇ ಇದೆ. ದಿನಕ್ಕೆ ಎಷ್ಟು ಹೊತ್ತು ಎಂಬುದೇ ಮೊದಲ ಅಳತೆ. ಎಷ್ಟು ಇಂಚು ಎಂಬುದು ಆಮೇಲಿನದು. ವಿಚಿತ್ರವೆಂದರೆ ಈ ಆತ್ಮಹಿತದ ಅಳತೆ ಯಂತ್ರಕ್ಕೂ ಹಿತ. ಎಲ್‌ಇಡಿ ಪಟ್ಟಿಗಳು ಸವೆಯುವುದು ಉರಿದ ಗಂಟೆಗಳಿಂದ ಮತ್ತು ಬೆಳಕಿನ ತೀವ್ರತೆಯಿಂದ. ಅಂಗಡಿಯಲ್ಲಿ ಕಣ್ಣು ಸೆಳೆಯಲು ಪೂರ್ಣ ತೀವ್ರತೆಗೆ ಏರಿಸಿರುತ್ತಾರೆ. ಮನೆಯಲ್ಲಿ ಅದನ್ನು ಅರ್ಧಕ್ಕೆ ಇಳಿಸಿ, ಐದು ಗಂಟೆಯ ವೀಕ್ಷಣೆಯನ್ನು ಎರಡಕ್ಕೆ ತಂದವನ ಪರದೆ ಬಹುಕಾಲ ಬಾಳುತ್ತದೆ. 80 ವಾಟ್‌ನ ಸೆಟ್ಟೊಂದು ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ 146 ಯೂನಿಟ್. ಎರಡು ಗಂಟೆಗೆ ಇಳಿಸಿದರೆ 60ರ ಒಳಗೆ. ಹಳತಾಗದ ಟೀವಿ ಎಂಬುದೊಂದು ಇದ್ದರೆ ಅದು ಕಡಿಮೆ ನೋಡುವ ಮನೆಯಲ್ಲಿದೆ.

ಆ ಮನೆಯವರು ಎರಡು ಸಲ ಅಂಗಡಿಗೆ ಹೋಗಿಬಂದರು ಎನ್ನೋಣ. ಮಗ 55 ಇಂಚಿನ ಪಟ್ಟು ಬಿಡಲಿಲ್ಲ. "ಒಂದೇ ಸಲ ತೊಗೊಂಡ್ರೆ ಹತ್ತು ವರ್ಷ ನೋಡ್ಕೊಳ್ಳೋ ಹಾಗಿಲ್ಲ ಅಪ್ಪ" ಎಂದ. ತಂದೆ 32ಕ್ಕೆ ಬಂದು ನಿಂತಿದ್ದರು. ಚುಕ್ಕಿ, ಬಣ್ಣ, ತೆರಿಗೆ, ಕಂತು ಎಲ್ಲದರ ಚರ್ಚೆ ನಡೆಯಿತು. ಯಾರಿಗಾಗಿ ಈ ಟೀವಿ ಬೇಕಾಗಿತ್ತೋ ಆ ಮುದುಕಿಯನ್ನು ಕೇಳಲು ಯಾರಿಗೂ ತೋಚಲಿಲ್ಲ. ಕೇಳಿದಾಗ ಆಕೆ ಹೇಳಿದ್ದಿಷ್ಟು: "ನಂಗೆ ಚಿತ್ರ ಹೆಂಗಿದ್ರೂ ಆಯ್ತು ಕಣಪ್ಪ. ಮುನಿಗಳ ಮಾತು ಕಿವಿಗೆ ಬೀಳಬೇಕು."

ಚಪ್ಪಟೆ ಟೀವಿಗಳ ದೊಡ್ಡ ಕೊರತೆ ಇದೇ. ಚೌಕಟ್ಟು ತೆಳುವಾದಷ್ಟೂ ಧ್ವನಿಗೆ ಜಾಗ ಕಡಿಮೆಯಾಗುತ್ತದೆ. ಸ್ಪೀಕರುಗಳು ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಕೂರುತ್ತವೆ. ಮಾತು ಗೋಡೆಗೆ ತಾಕಿ ಮಸುಕಾಗಿ ಬರುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಸೆಟ್ಟುಗಳಲ್ಲಿ ಸ್ಪೀಕರು ನೋಡುಗರ ಎದುರಿಗೇ ಇರುತ್ತಿತ್ತು. ಕಿವಿ ಮಂದವಾದವರಿಗೆ, ಅದೂ ಲಾರಿಗಳ ಸದ್ದಿನ ಬೀದಿಯಲ್ಲಿ, ಆ ವ್ಯತ್ಯಾಸ ಸಣ್ಣದಲ್ಲ. 32 ಇಂಚಿನ ಸೆಟ್ಟು ಕೊಂಡು ಉಳಿದ ಹಣದ ಒಂದಂಶದಲ್ಲಿ ಮುಂದಕ್ಕೆ ಮುಖ ಮಾಡಿದ ಸಣ್ಣ ಸ್ಪೀಕರನ್ನು ಮಂಚದ ಹತ್ತಿರ ಇರಿಸಿದ್ದು ಈ ಒಂದು ಮಾತಿನಿಂದ. ಯಜಮಾನರು ತಮ್ಮ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ, ರಿಪೇರಿಗೆ ಮೀರಿ ಕೆಡದ ಹೊರತು ಎಂಟು ವರ್ಷ ಇನ್ನೊಂದು ಕೊಳ್ಳುವುದಿಲ್ಲ ಎಂದು ಬರೆದಿಟ್ಟರು. ರಿಪೇರಿಗೆ ಮೀರಿದ್ದೆಂದು ತೀರ್ಮಾನಿಸುವವರು ಯಾರು ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆಯೇ, ತಂದೆ ಉತ್ತರ ಬರೆಯಲಿಲ್ಲ.

ಉಳಿದದ್ದು ಹಳೆಯ ಸೆಟ್ಟು. ಮನೆಗೆಲಸಕ್ಕೆ ಬರುವಾಕೆಗೆ ಕೊಟ್ಟುಬಿಡೋಣ ಎಂಬ ಮಾತು ಇಂಥ ಮನೆಗಳಲ್ಲಿ ಮೊದಲು ಬರುತ್ತದೆ. ಪರರ ಹಿತಕ್ಕಾಗಿ ತನ್ನದನ್ನು ಬಿಡುವುದು ದಾನ. ತನಗೆ ಬೇಡವಾದದ್ದನ್ನು ಸಾಗಹಾಕುವುದಕ್ಕೆ ದಾನವೆಂಬ ಹೆಸರು ಸಲ್ಲದು. ದ್ರವ್ಯವೂ ಪಾತ್ರವೂ ವಿಧಿಯೂ ದಾತೃವೂ ಯೋಗ್ಯವಾಗಿದ್ದಷ್ಟೇ ದಾನದ ಫಲ. ಆಕೆ ನಕ್ಕು, "ಇದನ್ನ ಇಡಾಕೆ ನಮ್ಮನೇಲಿ ಜಾಗ ಎಲ್ಲೈತಮ್ಮ, ನಮ್ಮನೇಲೂ ಗ್ವಾಡೆ ಟೀವಿನೇ ಇರೋದು" ಎಂದಳು. ಗುಜರಿಯವನು ಬಂದು ಬೆನ್ನು ಬಿಚ್ಚಿ ನೋಡಿ, ತಾಮ್ರದ ಸುರುಳಿಗೆ ಮಾತ್ರ ಬೆಲೆ ಹೇಳಿದ. ಗಾಜಿಗೆ ಯಾರೂ ಬೆಲೆ ಕೊಡುವುದಿಲ್ಲ, ಏಕೆಂದರೆ ಆ ಗಾಜಿನೊಳಗೆ ಸೀಸವಿದೆ. ಸೀಸವನ್ನು ಗಾಜಿಗೆ ಸೇರಿಸಿದ್ದು ನೋಡುವವರನ್ನು ಎಕ್ಸ್‌ರೇ ಕಿರಣಗಳಿಂದ ಕಾಪಾಡಲು. ಇಷ್ಟು ವರ್ಷ ಮನೆಯವರನ್ನು ಕಾಪಾಡಿದ ಅದೇ ಸೀಸ, ಮೋರಿಯ ಪಕ್ಕದಲ್ಲಿ ಸುತ್ತಿಗೆಯಿಂದ ಅದನ್ನು ಒಡೆಯುವವನ ಉಸಿರಿಗೆ ಹೋಗುತ್ತದೆ. ಗೌರಿಪಾಳ್ಯದಂಥ ಕಡೆಗಳಲ್ಲಿ ಈ ಕೆಲಸ ಮಾಡಿ ಹೊಟ್ಟೆ ಹೊರೆಯುವವರು ಇದ್ದಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಘಟಕಗಳೂ ಇವೆ. ಆದರೆ ಅಲ್ಲಿಗೆ ತಲುಪಿಸಲು ಆಟೋ ಬಾಡಿಗೆ ಕೊಡಬೇಕು, ಬದಲಿಗೆ ಏನೂ ಸಿಗದು. ಗುಜರಿಯವನಾದರೆ ಮೆಟ್ಟಿಲೇರಿ ಬಂದು ಹಣ ಕೊಟ್ಟು ಒಯ್ಯುತ್ತಾನೆ.

ಯಜಮಾನರು ಹಣ ತೆಗೆದುಕೊಳ್ಳಲಿಲ್ಲ, ಆಟೋವನ್ನೂ ಕರೆಸಲಿಲ್ಲ. ಊರೂರಿನ ಸಾಮಾನನ್ನು ದಿನವೂ ಲಾರಿಗೇರಿಸುವ ಆಫೀಸಿನ ಮೇಲುಗಡೆ, ಆ ಸೆಟ್ಟು ಒಂದು ಹಳೆಯ ಪಂಚೆ ಹೊದ್ದು ಅಟ್ಟದ ಮೇಲೆ ಕುಳಿತಿದೆ. ಮುಂದಿನ ಅಷ್ಟಾಹ್ನಿಕ ಪರ್ವದೊಳಗೆ ಅದನ್ನು ಘಟಕಕ್ಕೆ ಮುಟ್ಟಿಸುವುದೆಂದು ಲೆಕ್ಕದ ಪುಸ್ತಕದ ಅದೇ ಹಾಳೆಯಲ್ಲಿ ಇನ್ನೊಂದು ಸಾಲು ಬರೆದಿದ್ದಾರೆ.